ನಾಲ್ಕು ಮಾತ್ರೆಯ ಹೆಸರು

ಮೇ ಇಪ್ಪತ್ತೈದು, ರವಿವಾರ, ಬೆಳಗಿನ ಐದೂವರೆ. ಮೊರಬದ ನಮ್ಮ ಮನೆಯ ಪಡಸಾಲೆ. ಹಾಜರಿದ್ದವರು ನಾನು ಮತ್ತು ನನ್ನ ಸೊಸೆ. ಮಗ ಅಂಗಳದ ಹೊರಸಿನ ಮೇಲೆ ಮಲಗಿದ್ದ. ಅವನನ್ನು ಹಾಜರಿಗೆ ಹಿಡಿಯಲಾಗದು.

ನಾನು ಸರಕಾರಿ ಆಸ್ಪತ್ರೆಗಳಲ್ಲಿ ಮೂವತ್ನಾಲ್ಕು ವರ್ಷ ನರ್ಸ್ ಆಗಿದ್ದವಳು. ಏನನ್ನೇ ಬರೆಯಲು ಕೂತರೂ ದಿನ, ಹೊತ್ತು, ಇದ್ದವರು ಯಾರು ಎಂಬುದನ್ನು ಹಾಕದೆ ಪೆನ್ನು ಮುಂದೆ ಹೋಗುವುದಿಲ್ಲ. ನಿವೃತ್ತಿಯಾಗಿ ಒಂಬತ್ತು ವರ್ಷವಾದರೂ ನಮ್ಮ ಅಡುಗೆಮನೆಯ ಬಾಗಿಲ ಹಿಂದೆ ವೇಳಾಪಟ್ಟಿ ಇದೆ. ಆ ಮೇ ತಿಂಗಳಲ್ಲಿ ಅದಕ್ಕೆ ಒಂದು ಸಾಲು ಹೊಸದಾಗಿ ಸೇರಿತ್ತು: ಐದೂವರೆಯಿಂದ ಆರೂಕಾಲು, ಛಂದಸ್ಸು.

ಕಾರಣ ಹೀಗೆ. ಸೊಸೆ ನಮ್ಮ ಮನೆಗೆ ಬಂದಾಗ ಅವಳ ಶಾಲೆ ಒಂಬತ್ತನೆಯ ತರಗತಿಗೆ ನಿಂತಿತ್ತು. ಹತ್ತು ವರ್ಷದ ನಂತರ, ತಾನೇ ಅರ್ಜಿ ತುಂಬಿ, ಖಾಸಗಿಯಾಗಿ ಹತ್ತನೆಯ ತರಗತಿಯ ಪರೀಕ್ಷೆಗೆ ಕೂತಳು. ಗಣಿತದಲ್ಲಿ ಪಾಸಾದಳು, ವಿಜ್ಞಾನದಲ್ಲಿ ಪಾಸಾದಳು, ಇಂಗ್ಲಿಷಿನಲ್ಲೂ ಪಾಸಾದಳು. ಕನ್ನಡದಲ್ಲಿ ಎರಡು ಅಂಕ ಕಡಿಮೆ ಬಿದ್ದು ನಪಾಸಾದಳು. ಹುಟ್ಟಿದಾಗಿನಿಂದ ಬೇರೆ ಭಾಷೆ ಆಡದವಳು ಇದನ್ನು ಹೇಗೆ ಸಾಧಿಸಿದಳು ಎಂದು ಓಣಿಯವರೆಲ್ಲ ಕೇಳಿದರು.

ಅವಳಿಗೆ ಬೇಕಾಗಿದ್ದುದು ಅಂಗನವಾಡಿ ಸಹಾಯಕಿಯ ಕೆಲಸ. ನಮ್ಮ ಓಣಿಯ ಅಂಗನವಾಡಿಯ ಸಹಾಯಕಿಗೆ ಬರುವ ತಿಂಗಳುಗಳಲ್ಲಿ ವಯಸ್ಸು ಮುಗಿಯುತ್ತಿತ್ತು. ಹಿಂದಿನ ವರ್ಷ ಆಕೆ ಕಾಲು ಮುರಿದುಕೊಂಡು ಮಲಗಿದಾಗ ಮೂರು ತಿಂಗಳು ಮಕ್ಕಳನ್ನು ಕರೆತಂದು, ಉಣಿಸಿ, ಮಲಗಿಸಿ, ಮನೆಗೆ ಮುಟ್ಟಿಸಿದವಳು ನನ್ನ ಸೊಸೆಯೇ. ಯಾರೂ ಹೇಳಿರಲಿಲ್ಲ, ಯಾರೂ ಕೇಳಿರಲೂ ಇಲ್ಲ. ಆದರೆ ಅರ್ಜಿಗೆ ಹತ್ತನೆಯ ತರಗತಿ ಪಾಸಾಗಿರಬೇಕು. ಈ ಸಲ ಹುದ್ದೆ ಬೇರೆಯವರಿಗೆ ಹೋದರೆ ಅದು ಮತ್ತೆ ಖಾಲಿಯಾಗುವಷ್ಟರಲ್ಲಿ ಇವಳಿಗೆ ಐವತ್ತು ದಾಟಿರುತ್ತಿತ್ತು. ಉಳಿದದ್ದು ಒಂದೇ ದಾರಿ, ಎರಡನೆಯ ಪರೀಕ್ಷೆ. ಅದರ ಕನ್ನಡ ಪತ್ರಿಕೆ ಮೇ ಇಪ್ಪತ್ತಾರು, ಸೋಮವಾರ. ಅಂದರೆ ಮರುದಿನ.

ಮೊದಲ ಪರೀಕ್ಷೆಯ ಉತ್ತರಪತ್ರಿಕೆಯ ನಕಲು ಪ್ರತಿ ತರಿಸಿ ನೋಡಿದ್ದೆ. ಒಂದು ಪದ್ಯದ ಸಾಲು ಕೊಟ್ಟು ಅದಕ್ಕೆ ಪ್ರಸ್ತಾರ ಹಾಕಿರಿ ಎಂಬ ಪ್ರಶ್ನೆಗೆ ಮೂರು ಅಂಕ. ಸಾಲಿನ ಮೊದಲ ಮೂರು ಮಾತ್ರೆಗೆ ಗುರುತು ಹಾಕಿ, ಮುಂದೆ ಖಾಲಿ ಬಿಟ್ಟಿದ್ದಳು. ಮೂರಕ್ಕೆ ಸೊನ್ನೆ. ಬೇಕಾಗಿದ್ದುದು ಎರಡು. ರೋಗ ಎಲ್ಲಿದೆ ಎಂದು ನಾನು ತಕ್ಷಣ ತೀರ್ಮಾನಿಸಿದೆ: ಇವಳಿಗೆ ಛಂದಸ್ಸು ಗೊತ್ತಿಲ್ಲ.

ನನಗೂ ಗೊತ್ತಿರಲಿಲ್ಲ. ಅದು ಅಡ್ಡಿಯಲ್ಲ. ಗೊತ್ತಿಲ್ಲದ್ದನ್ನು ಹಿಂದಿನ ದಿನ ಓದಿ ಮರುದಿನ ಗೊತ್ತಿದ್ದವರ ಹಾಗೆ ಮಾಡಿ ತೋರಿಸುವುದು ನಮ್ಮ ತರಬೇತಿಯ ದಿನಗಳಿಂದ ರೂಢಿ. ಒಂದು ಗೈಡ್ ತಂದೆ. ದಿನಕ್ಕೆ ಒಂದು ಶಬ್ದ. ಅದರ ಅರ್ಥ ಮೂರು ಸಲ ಹೇಳಿಸುವುದು, ಸಂಜೆ ಒಮ್ಮೆ ಕೇಳುವುದು, ಮರುದಿನ ಬೆಳಿಗ್ಗೆ ಎಚ್ಚರಿಸಿ ಮೊದಲು ಅದನ್ನೇ ಕೇಳುವುದು. ಒಂದು ಅಕ್ಷರವನ್ನು ನುಡಿಯಲು ಹಿಡಿಯುವ ಕಾಲವೇ ಮಾತ್ರೆ. ಗುಳಿಗೆಗೂ ಇದಕ್ಕೂ ಸಂಬಂಧವಿಲ್ಲ ಎಂದು ಮೊದಲ ದಿನವೇ ಹೇಳಿಬಿಟ್ಟೆ. ಒಂದು ಮಾತ್ರೆ ಹಿಡಿದರೆ ಲಘು, ಎರಡು ಹಿಡಿದರೆ ಗುರು. ದೀರ್ಘ ಅಕ್ಷರ ಗುರು, ಒತ್ತಕ್ಷರದ ಹಿಂದಿನದು ಗುರು, ಸೊನ್ನೆಯುಳ್ಳದ್ದು ಗುರು. ಹೀಗೆ ಗುರುತು ಹಾಕುತ್ತ ಹೋಗುವುದು ಪ್ರಸ್ತಾರ. ಆಮೇಲೆ ಗುಂಪು ಮಾಡಿದರೆ ಗಣ.

ಸೊಸೆ ಬೇಗ ಕಲಿತಳು. ರೊಟ್ಟಿ ಬಡಿಯುವ ಮುಂಚೆ ಹಿಟ್ಟು ನಾದುವ ಕೊಣಮಿಗೆಯೊಳಗೆ ಬೆರಳಿನಿಂದ ಲಘು ಗುರು ಬರೆಯುತ್ತಿದ್ದಳು. ನಾಲ್ಕನೆಯ ದಿನ ಒಂದು ಶೋಧ ಮಾಡಿದಳು.

"ಅತ್ತೀ, ಹಾಲು ಮೂರ ಮಾತ್ರಿ. ಮೊಸರು ಮೂರು. ಬೆಣ್ಣೆ ಮೂರು. ತುಪ್ಪ ಮೂರು. ಮಜ್ಜಿಗೆಗೊಂದ ನಾಲ್ಕ ಆತಲ್ರಿ."

ಉಣ್ಣುತ್ತ ಕೂತಿದ್ದ ಮಗ ತಲೆ ಎತ್ತದೆ ಹೇಳಿದ:

"ನೀರ ಹಾಕ್ತೀರಲ್ಲ, ಹೆಚ್ಚಾಗೇತಿ."

ಲೆಕ್ಕ ಹಾಕಿ ನೋಡಿದೆ. ಐದೂ ಸರಿಯಿದ್ದವು.

ಒಂಬತ್ತನೆಯ ದಿನ ಉಪಮಾಲಂಕಾರ. ಒಂದನ್ನು ಇನ್ನೊಂದಕ್ಕೆ ಹೋಲಿಸುವುದು. ಹೋಲಿಸಿಕೊಳ್ಳುವುದು ಉಪಮೇಯ, ಯಾವುದಕ್ಕೆ ಹೋಲಿಸುತ್ತೇವೋ ಅದು ಉಪಮಾನ, ನಡುವಿನ 'ಹಾಗೆ' ಎಂಬುದು ವಾಚಕ, ಎರಡಕ್ಕೂ ಸಮನಾಗಿರುವ ಗುಣ ಸಮಾನಧರ್ಮ. ಸ್ವಂತ ಉದಾಹರಣೆ ಬರೆದು ತಾ ಎಂದೆ. ಬರೆದು ತಂದಳು: 'ನಮ್ಮ ಅತ್ತೆಯ ಮಾತು ಸೂಜಿಯ ಹಾಗೆ ಚುಚ್ಚುತ್ತದೆ.' ಕೆಳಗೆ, ಉಪಮೇಯ ಅತ್ತೆಯ ಮಾತು, ಉಪಮಾನ ಸೂಜಿ, ವಾಚಕ ಹಾಗೆ, ಸಮಾನಧರ್ಮ ಚುಚ್ಚುವುದು. ನಾಲ್ಕೂ ಸರಿಯಿದ್ದವು. ನಾಲ್ಕಕ್ಕೆ ನಾಲ್ಕು ಕೊಟ್ಟೆ.

ಹದಿನೆಂಟು ದಿನ ಹೀಗೆ ಹೋಯಿತು. ಕಠಿಣವಾದದ್ದನ್ನು ಕೊನೆಗೆ ಇಡುವುದು ನನ್ನ ಪದ್ಧತಿ. ಹಾಗಾಗಿ ಮೊದಲ ಪರೀಕ್ಷೆಯಲ್ಲಿ ಬಿಟ್ಟ ಸಾಲನ್ನು ಕೊನೆಯ ದಿನಕ್ಕೆ, ಅಂದರೆ ಆ ರವಿವಾರಕ್ಕೆ ಇಟ್ಟಿದ್ದೆ.

ಅದು ಪಠ್ಯದಲ್ಲಿದ್ದ ಒಂದು ಹಳೆಯ ಪದ್ಯದ ಸಾಲು. ಭಾಮಿನಿ ಷಟ್ಪದಿ. ಷಟ್ಪದಿ ಎಂದರೆ ಆರು ಸಾಲು. ಭಾಮಿನಿಯಲ್ಲಿ ಮಾತ್ರೆಗಳು ಮೂರು, ನಾಲ್ಕು, ಮೂರು, ನಾಲ್ಕು ಎಂದು ನಡೆಯುತ್ತವೆ. ಸೊಸೆ ಸಾಲನ್ನು ಬರೆದುಕೊಂಡು ಗಟ್ಟಿಯಾಗಿ ಓದುತ್ತ ಗುರುತು ಹಾಕತೊಡಗಿದಳು. ಮೊದಲ ಮೂರು ಮಾತ್ರೆ ಬಂತು. ಪೆನ್ನು ನಿಂತಿತು. ಬಾಯಿಯೂ ನಿಂತಿತು.

"ಮುಂದ?" ಎಂದೆ.

ಪೆನ್ನಿನ ಮುಚ್ಚಳ ಹಾಕಿದಳು, ಮತ್ತೆ ತೆಗೆದಳು.

"ಮುಂದಿನ ಅಕ್ಷರಕ್ಕ ಒತ್ತು ಐತಲ್ಲ. ಹಂಗಾದ್ರ ಇದು ಗುರುನೋ ಲಘುನೋ?"

"ಗುರು ರೀ."

"ಗೊತ್ತೈತಲ್ಲ ಮತ್ತ. ಓದು."

ತುಟಿ ಒಳಗೆ ಮಡಚಿಕೊಂಡು, ಗದ್ದ ಎದೆಗೆ ಹಚ್ಚಿ, ಕಣ್ಣು ಪಕ್ಕಕ್ಕೆ ಹೊರಳಿಸಿದಳು. ಆ ಚಹರೆ ನನಗೆ ಚೆನ್ನಾಗಿ ಗೊತ್ತಿತ್ತು. ಮೂವತ್ನಾಲ್ಕು ವರ್ಷ ದಿನಾ ನೋಡಿದ್ದು.

ಆಸ್ಪತ್ರೆಯ ಚೀಟಿಯಲ್ಲಿ ಗಂಡನ ಹೆಸರು ಎಂದು ಒಂದು ಕಾಲಂ ಇರುತ್ತದೆ. ಅಲ್ಲಿಗೆ ಬಂದೊಡನೆ ಹೆಂಗಸರ ಮುಖ ಹೀಗೇ ಆಗುತ್ತಿತ್ತು. ಬಾಜು ಕೂತವರನ್ನು ಮೊಣಕೈಯಿಂದ ತಿವಿದು "ಹೇಳ ಬೇ" ಎನ್ನುತ್ತಿದ್ದರು. ಬಾಜು ಯಾರೂ ಇರದಿದ್ದರೆ ರೇಷನ್ ಕಾರ್ಡು ತೆಗೆದು ಬೆರಳು ಇಡುತ್ತಿದ್ದರು. ಹೆರಿಗೆ ನೋವಿನಲ್ಲಿದ್ದ ಒಬ್ಬಳು, "ನಮ್ಮೂರ ಗುಡಿಯಾಗಿನ ದೇವರ ಹೆಸರs ರೀ, ಬರಕೋರಿ" ಎಂದಿದ್ದಳು. ಯಾವ ಗುಡಿ ಎಂದು ಕೇಳಬೇಕಾಯಿತು. ಅವರ ಊರಲ್ಲಿ ಗುಡಿ ಮೂರಿದ್ದವು.

ಪದ್ಯದ ಸಾಲನ್ನು ನಾನು ಮತ್ತೊಮ್ಮೆ ನೋಡಿದೆ. ಮೊದಲ ಮೂರು ಮಾತ್ರೆಯ ನಂತರ ಬರುವುದು ಒಬ್ಬ ವೀರನ ಹೆಸರು. ಅದೇ ನನ್ನ ಮಗನ ಹೆಸರು. ಇಟ್ಟವಳು ನಾನೇ. ಹದಿನೆಂಟು ದಿನ ಆ ಪುಸ್ತಕ ತೊಡೆಯ ಮೇಲಿದ್ದರೂ ನನಗೆ ಹೊಳೆದಿರಲಿಲ್ಲ. ನಾವು ಅವನನ್ನು ಮನೆಯಲ್ಲಿ ಅಡ್ಡಹೆಸರಿನಿಂದ ಕರೆಯುತ್ತೇವೆ.

ನಕಲು ಪ್ರತಿಯನ್ನು ಮತ್ತೆ ತೆಗೆದೆ. ಈ ಸಲ ಸೊನ್ನೆ ಬಿದ್ದ ಪುಟವನ್ನಷ್ಟೇ ಅಲ್ಲ, ಎಲ್ಲ ಪುಟಗಳನ್ನೂ ಓದಿದೆ. ಈ ಮಾತನ್ನು ಯಾರು ಯಾರಿಗೆ ಹೇಳಿದರು ಎಂಬ ಪ್ರಶ್ನೆಗೆ ಸೊಸೆ ಬರೆದಿದ್ದಳು: 'ಈ ಮಾತನ್ನು ಇವರು ತಮ್ಮ ಸಾರಥಿಗೆ ಹೇಳಿದರು.' ಪದ್ಯದ ಸಾರಾಂಶದಲ್ಲಿ: 'ಇವರು ಬಿಲ್ಲನ್ನು ಕೆಳಗಿಟ್ಟರು. ಇವರಿಗೆ ದುಃಖವಾಯಿತು.' ಮೌಲ್ಯಮಾಪಕರು 'ಇವರು' ಎಂಬುದಕ್ಕೆ ಸುತ್ತ ಗೆರೆ ಎಳೆದು ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು. ಎರಡನೆಯ ಕಡೆ ಎರಡು ಚಿಹ್ನೆ. ಅಲ್ಲಿಯೂ ಅಂಕ ಹೋಗಿತ್ತು. ಹದಿನೆಂಟು ದಿನ ನಾನು ಇಲ್ಲದ ರೋಗಕ್ಕೆ ಔಷಧಿ ಕೊಟ್ಟಿದ್ದೆ.

"ಬರಿಯೂದಕ್ಕೇನಾಗತಿತ್ತು?" ಎಂದೆ. "ಬಾಯಿಲೆ ಅನ್ನೂದಲ್ಲ, ಕೈಲೆ ಬರಿಯೂದು."

"ಬರಿಯೂಮುಂದ ಬಾಯಿ ಅಂದs ಅಂತೈತ್ರಿ. ಮನಸ್ನ್ಯಾಗ ಅನ್ನದ ಬರಿಯಾಕ ಬರಂಗಿಲ್ಲ ನನಗ."

"ಅಂದ್ರ ಏನಾಗತೈತಿ?"

"ಆಯುಷ್ಯ ಕಡಿಮಿ ಆಗತೈತಂತ್ರಿ. ನಮ್ಮವ್ವ ಹೇಳ್ಯಾಳ."

"ನಾಳೆ ಪರೀಕ್ಷಾದಾಗ ಇದs ಪದ್ಯ ಬಂದ್ರ?"

"ಬಂದ್ರ ಬಿಡೂದು."

"ಮತ್ತ ಅಂಗನವಾಡಿ?"

ಅವಳ ಕಣ್ಣಲ್ಲಿ ನೀರು ಬಂತು. ಸೆರಗಿನಿಂದ ಒರೆಸಿಕೊಂಡಳು. ಇಂಥ ಸಮಯದಲ್ಲಿ ನಾನು ದನಿ ಗಟ್ಟಿ ಮಾಡುತ್ತೇನೆ. ವಾರ್ಡಿನಲ್ಲಿ ಅದು ನಡೆಯುತ್ತಿತ್ತು.

"ನಾ ಹೇಳಾಕತ್ತೀನಿ. ಅತ್ತಿ ಮಾತು. ಒಂದ ಸಲ ಅಂದಬಿಡು."

ಮದುವೆಯಾಗಿ ಬಂದ ಹತ್ತು ವರ್ಷದಲ್ಲಿ ಸೊಸೆ ಮೊದಲ ಸಲ ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು.

"ನೀವು ಮಾವಾರ ಹೆಸರ ಅನ್ರಿ ಮೊದ್ಲ. ಆಮ್ಯಾಲ ನಾ ಅಂತೀನಿ."

ನಾನು ಬಾಯಿ ತೆರೆದೆ. ಅಕ್ಷರ ಬರಲಿಲ್ಲ. ಮೂವತ್ತೆಂಟು ವರ್ಷದ ಸಂಸಾರದಲ್ಲಿ ನಾನು ನನ್ನ ಗಂಡನ ಹೆಸರನ್ನು ಒಮ್ಮೆಯೂ ಹೇಳಲಿಲ್ಲ. ಅವರು ಅರವತ್ತೊಂದನೆಯ ವಯಸ್ಸಿಗೇ ಹೋದರು. ಇದನ್ನು ವಾದವಾಗಿ ಮುಂದಿಡಬಹುದಿತ್ತು. ಇಡಲಿಲ್ಲ. ಗಡಿಯಾರದ ಕಡೆ ನೋಡಿದೆ. ಆರೂಕಾಲಾಗಿತ್ತು. ಪಾಠದ ಹೊತ್ತು ಮುಗಿದಿತ್ತು.

ಒಂಬತ್ತಕ್ಕೆ, ಮನೆಕೆಲಸ ಮುಗಿಸಿ, ಅವಳನ್ನು ಕರೆದುಕೊಂಡು ಮೂರು ಓಣಿ ಆಚೆ ಇರುವ ನಿವೃತ್ತ ಕನ್ನಡ ಮಾಸ್ತರರ ಮನೆಗೆ ಹೋದೆ. ಮಾಸ್ತರರಿಗೆ ಒಮ್ಮೆ ನಾಯಿ ಕಚ್ಚಿದಾಗ ಅಷ್ಟೂ ಸೂಜಿ ಚುಚ್ಚಿದವಳು ನಾನು. ಅಂದಿನಿಂದ ನನ್ನನ್ನು ಕಂಡರೆ ಎಡತೋಳಿನ ಮೇಲೆ ಟವೆಲ್ ಎಳೆದುಕೊಳ್ಳುತ್ತಾರೆ. ಅಂದೂ ಎಳೆದುಕೊಂಡರು.

"ಬರ್ರಿ ಬಾಯಾರ. ಕೈ ಖಾಲಿ ಅದಾವಲ್ಲ?"

"ಖಾಲಿ ಅದಾವ್ರಿ. ಒಂದು ಪದ್ಯ ತಂದೇನಿ."

"ಹಂಗಾದ್ರ ಕುಂದರ್ರಿ."

ವಿಷಯ ಹೇಳಿದೆ. ಸೊಸೆ ಬಾಗಿಲ ಬಳಿ ಕೂತಿದ್ದಳು. ಮಾಸ್ತರರು ನಗಲಿಲ್ಲ. ನಗುತ್ತಾರೆಂದು ನಾನು ಅಂದುಕೊಂಡಿದ್ದೆ. ಕನ್ನಡಕ ಒರೆಸುತ್ತ ಸೊಸೆಯನ್ನು ಕೇಳಿದರು:

"ತಂಗೀ, ನಿನ್ನ ಲಗ್ನದಾಗ ಒಡಪು ಹೇಳಿದ್ದಿಲ್ಲೇನು?"

ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುವ ಪ್ರಸಂಗ ಇರುವುದು ಒಡಪಿನಲ್ಲಿ ಮಾತ್ರ. ಮದುವೆಯಲ್ಲಿ, ಬಸುರಿಯ ಕುಬಸದಲ್ಲಿ, ಎಲ್ಲರೂ ಸುತ್ತ ನಿಂತು ಹೆಸರು ಹೇಳು ಎಂದು ಕಾಡುತ್ತಾರೆ. ಆಗ ಎರಡು ಸಾಲಿನ ಒಂದು ಪದ ಹೇಳಿ, ಅದರೊಳಗೆ ಹೆಸರನ್ನು ಸೇರಿಸಿ ನುಡಿಯಬೇಕು. ಹಾಗೆ ನುಡಿದರೆ ದೋಷವಿಲ್ಲ.

"ಹೇಳಿದ್ದೆ ರೀ," ಎಂದಳು ಸೊಸೆ.

"ಯಾವುದು?"

"ಕರೀ ಹೊಲದಾಗ ಬಿಳೀ ಜೋಳ," ಎಂದು ಶುರುಮಾಡಿ, "ಇಂಥವರ ಹೆಸರ ಹೇಳೇನಿ, ಸಾಕ ಮಾಡ್ರಿ ನಿಮ್ಮ ಗೋಳ," ಎಂದು ಮುಗಿಸಿದಳು. ಮಾಸ್ತರರ ಎದುರು ಆ ಜಾಗಕ್ಕೆ 'ಇಂಥವರ' ಎಂದೇ ಹಾಕಿದಳು.

"ಭೇಷ್. ಮತ್ತ ಇದೂ ಪದಾನ ಅಲ್ಲೇನು?" ಪುಸ್ತಕದ ಮೇಲೆ ಬೆರಳು ಕುಟ್ಟಿದರು. "ಪದ್ಯದಾಗ ಹೆಸರ ಹೇಳಾಕ ಪರವಾನಗಿ ಐತಿ ನಿಮಗ. ಇದು ಆರ ಸಾಲಿನ ಒಡಪು ಅಂತ ತಿಳಿ."

ಕೆಲಸ ಮುಗಿಯಿತು ಎಂದು ನಾನು ಎದ್ದೆ. ಸೊಸೆ ಏಳಲಿಲ್ಲ.

"ಇದು ಒಡಪ ಆಗಂಗಿಲ್ರಿ ಸರ್."

"ಯಾಕಾಗಂಗಿಲ್ಲ?"

"ಒಡಪಂದ್ರ ಪ್ರಾಸ ಕೂಡಬೇಕ್ರಿ. ಜೋಳ, ಗೋಳ. ಇದರಾಗ ಒಂದ ಸಾಲ ಒಂದ ನಮೂನಿ ಮುಗೀತೈತಿ, ಇನ್ನೊಂದ ಸಾಲ ಇನ್ನೊಂದ ನಮೂನಿ. ಪ್ರಾಸ ಇಲ್ಲ. ಪ್ರಾಸ ಇಲ್ಲದ ಹೆಸರ ಹೇಳಿದ್ರ ಸುಮ್ಮ ಕರದಂಗ ಆತು."

ನಾನು ಮತ್ತೆ ಕೂತೆ. ಹದಿನಾಲ್ಕನೆಯ ದಿನ 'ಪ್ರಾಸ' ಎಂಬ ಶಬ್ದವನ್ನು ಕಲಿಸಿದ್ದವಳು ನಾನೇ. ಸಾಲಿನ ಕೊನೆಗೆ ಒಂದೇ ಬಗೆಯ ಅಕ್ಷರ ಬರುವುದು ಎಂದು ಹೇಳಿಕೊಟ್ಟಿದ್ದೆ. ಗೈಡಿನಲ್ಲಿ ಅದರ ಕೆಳಗೆ ಇನ್ನೂ ನಾಲ್ಕು ಸಾಲು ಇದ್ದವು. ಅಂದು ಗ್ಯಾಸಿನವನು ಸಿಲಿಂಡರ್ ತಂದ ಕಾರಣ ಬಿಟ್ಟಿದ್ದೆ.

ಮಾಸ್ತರರು ನನ್ನ ಕಡೆ ತಿರುಗಿದರು. "ಇಷ್ಟs ಏನ್ರಿ ನೀವು ಕಲಿಸಿದ್ದು?"

"ಇಷ್ಟ ರೀ."

"ಅರ್ಧಾ ಕೋರ್ಸ್ ಕೊಟ್ಟ ಬಿಟ್ಟಿರಿ. ನನಗರ ಪೂರಾ ಕೊಟ್ಟಿದ್ರಿ." ತೋಳು ಸವರಿಕೊಂಡರು. ಆಮೇಲೆ ಪೆನ್ಸಿಲ್ ತೆಗೆದು ಸೊಸೆಯನ್ನು ಹತ್ತಿರ ಕರೆದರು. "ಪ್ರಾಸ ಎರಡ ಜಾಗಾದಾಗ ಇರತೈತಿ ತಂಗಿ. ಕಡೀಕ ಇದ್ರ ಅಂತ್ಯಪ್ರಾಸ. ನಿಮ್ಮ ಒಡಪಿನ್ಯಾಗ ಇರೂದು ಅದು. ಹಳೇ ಮಂದಿ ಕಡೀಕ ಇಡತಿದ್ದಿಲ್ಲ. ಮುಂದ ಇಡತಿದ್ರು. ಪ್ರತಿ ಸಾಲಿನ ಎರಡನೇ ಅಕ್ಷರ ನೋಡು. ಆದಿಪ್ರಾಸ ಅಂತಾರ ಅದಕ್ಕ. ಸ್ವರ ಬ್ಯಾರೆ ಇರಬಹುದು, ವ್ಯಂಜನ ಒಂದs ಇರಬೇಕು."

ಆರು ಸಾಲಿನ ಎರಡನೆಯ ಅಕ್ಷರಗಳಿಗೆ ಸುತ್ತು ಹಾಕಿದರು. ಆರೂ ಕಡೆ ಒಂದೇ ವ್ಯಂಜನವಿತ್ತು. ಒಂದರ ಕೆಳಗೆ ಒಂದು, ಆಸ್ಪತ್ರೆಯ ಹಾಸಿಗೆಗಳ ಹಾಗೆ ಸಾಲಾಗಿ. ಉಪಮೇಯ ಅಕ್ಷರ, ಉಪಮಾನ ಹಾಸಿಗೆ.

ಸೊಸೆ ಬಾಗಿ ನೋಡಿದಳು. ಪೆನ್ಸಿಲ್ ಕೇಳಿ ಇಸಿದುಕೊಂಡಳು. ಪದ್ಯದ ಉಳಿದ ಆರಾರು ಸಾಲಿನ ನುಡಿಗಳನ್ನೂ ಒಂದೊಂದಾಗಿ ಪರೀಕ್ಷಿಸಿದಳು. ಮುಕ್ಕಾಲು ತಾಸು ಹಿಡಿಯಿತು. ನಡುವೆ ಚಹ ಬಂತು. ಅದನ್ನು ಆರಲು ಬಿಟ್ಟಳು. ಒಂದು ನುಡಿಯಲ್ಲಿ ತಪ್ಪು ಸಿಕ್ಕಿತೆಂದು ಮಾಸ್ತರರನ್ನು ಹಿಡಿದಳು.

"ಇಲ್ಲಿ ಐದ ಸಾಲಿನ್ಯಾಗ ಕೂಡೇತ್ರಿ, ನಾಕನೇದರಾಗ ಇಲ್ಲ."

"ಎರಡನೇ ಅಕ್ಷರ ಅಂದೇನಿ. ನೀ ಮೂರನೇದ ಎಣಸೀದಿ."

ಮತ್ತೆ ಎಣಿಸಿದಳು. ಕೂಡಿತು.

"ಎಲ್ಲಾದರಾಗೂ ಐತ್ರಿ," ಎಂದಳು. ದನಿಯಲ್ಲಿ ಸಂತೋಷಕ್ಕಿಂತ ಸಿಕ್ಕಿಬಿದ್ದವರ ಧಾಟಿ ಹೆಚ್ಚಿತ್ತು. ಸ್ವಲ್ಪ ತಡೆದು ಕೊನೆಯ ಅಡ್ಡಿಯನ್ನೂ ಮುಂದಿಟ್ಟಳು: "ಆದ್ರ ಇದು ನಾ ಕಟ್ಟಿದ್ದಲ್ಲಲ್ರಿ. ಯಾರೋ ಕಟ್ಟಿದ್ದು."

"ಜೋಳದ ಒಡಪು ಯಾರು ಕಟ್ಟಿದ್ದು?"

"ನಮ್ಮ ಸೋದರತ್ತಿ ರೀ."

"ಮತ್ತ?"

ಸೊಸೆ ಪೆನ್ಸಿಲನ್ನು ಮಾಸ್ತರರಿಗೆ ಹಿಂದಿರುಗಿಸಿದಳು. "ಮನ್ಯಾಗ ಹೇಳತೇನ್ರಿ," ಎಂದಳು.

"ಮನ್ಯಾಗs ಹೇಳು. ನನ್ನ ಮುಂದ ಹೇಳಾಕ ನಾ ಏನ ಕಾಡಂಗಿಲ್ಲ."

ಹೊರಡುವಾಗ ಮಾಸ್ತರರು ನನಗೆ ಮಾತ್ರ ಕೇಳುವಂತೆ, "ಬಾಯಾರ, ಆ ಗೈಡ್ ಇಲ್ಲೇ ಇಟ್ಟ ಹೋಗ್ರಿ," ಎಂದರು. ಇಟ್ಟುಬಂದೆ.

ಊಟ ಒಂದಕ್ಕೆ. ವಿಶ್ರಾಂತಿ ಎರಡೂವರೆಯವರೆಗೆ. ಸೊಸೆ ಮಲಗಲಿಲ್ಲ. ಅಡುಗೆಮನೆಯಲ್ಲಿ ಆಗಲೇ ತಿಕ್ಕಿಟ್ಟ ಪಾತ್ರೆಗಳನ್ನು ಮತ್ತೆ ತಿಕ್ಕುತ್ತಿದ್ದ ಸಪ್ಪಳ ಕೇಳುತ್ತಿತ್ತು. ಮೂರಕ್ಕೆ ಬಂದು ನನ್ನೆದುರು ಚಾಪೆಯ ಮೇಲೆ ಕೂತಳು. ಹಾಳೆಯ ಮೇಲೆ ಸಾಲು ಬರೆದಳು. ಹೆಸರಿನ ಜಾಗವನ್ನು ಈ ಸಲ ಖಾಲಿ ಬಿಡಲಿಲ್ಲ, ಆದರೆ ಬರೆಯುವಾಗ ಅಕ್ಷರಗಳು ಸಣ್ಣಗಾದವು.

"ನೀವು ಆ ಕಡೆ ನೋಡ್ರಿ ಅತ್ತಿ," ಎಂದಳು.

ನಾನು ಗೋಡೆಯ ಕಡೆ ತಿರುಗಿದೆ. ಗೋಡೆಯ ಮೇಲೆ ನಮ್ಮವರ ಫೋಟೋ ಇದೆ. ಅದನ್ನು ನೋಡುತ್ತ ಕೂತೆ.

ಮೊದಲ ಮೂರು ಮಾತ್ರೆ ಕೇಳಿಸಿತು. ನಂತರ ಏನೂ ಇಲ್ಲ. ಮತ್ತೆ ಮೊದಲಿನಿಂದ, ಮತ್ತೆ ಅಲ್ಲೇ ನಿಂತಳು. ಮೂರನೆಯ ಸಲ ಜೋರಾಗಿ, ಒಂದೇ ಉಸಿರಿನಲ್ಲಿ, ಒಗೆಯುವ ಕಲ್ಲಿಗೆ ಬಟ್ಟೆ ಬಡಿದಂತೆ, ಹೆಸರು ಹೊರಗೆ ಬಂತು. ಮುಂದಿನ ಮೂರು ಮತ್ತು ನಾಲ್ಕು ಅದರ ಬೆನ್ನಿಗೇ ಬಂದವು.

ಅಂಗಳದಲ್ಲಿ ಮಗ ರಿಪೇರಿ ಮಾಡುತ್ತಿದ್ದ ಟ್ರ್ಯಾಕ್ಟರಿನ ಕೆಳಗಿನಿಂದ ನಟ್ಟು ತಿರುವುವ ಪಾನಾ ಬಿದ್ದ ಸಪ್ಪಳ. ಮರುಕ್ಷಣ ಮಗ ಬಾಗಿಲಲ್ಲಿದ್ದ. ಎರಡೂ ಕೈಗೆ ಗ್ರೀಸ್.

"ಏನಾತು? ಯಾರಿಗೇನಾತು?"

"ಏನೂ ಆಗಿಲ್ಲ," ಎಂದೆ.

"ಆಕಿ ನನ್ನ ಹೆಸರ ಹಿಡಿದ ಒದರಿದ್ಲಲ್ಲ ಬೇ! ಮನಿಗೆ ಬೆಂಕಿ ಬಿದ್ದೈತೇನೋ ಅಂತ ಬಂದೆ."

"ನಿಮ್ಮನ್ನ ಕರದಿಲ್ರಿ," ಎಂದಳು ಸೊಸೆ. ಕಿವಿಯವರೆಗೂ ಕೆಂಪಾಗಿದ್ದಳು. "ಪದ್ಯ ಓದಿದೆ."

"ಪದ್ಯದಾಗ ನಾ ಯಾಕಿದ್ದೀನಿ?"

"ನೀವಲ್ರಿ. ಅವರು."

"ಯಾರವ?"

ಸೊಸೆ ನನ್ನ ಕಡೆ ನೋಡಿದಳು. ನಾನು ಸಹಾಯ ಮಾಡಲಿಲ್ಲ. ಪರೀಕ್ಷಾ ಕೊಠಡಿಯಲ್ಲಿ ನಾನು ಇರುವುದಿಲ್ಲ. ಅವಳು ಮತ್ತೊಮ್ಮೆ, ಈ ಸಲ ಮೆಲ್ಲಗೆ, ಹೆಸರನ್ನು ಬಿಡಿಬಿಡಿಯಾಗಿ ಹೇಳಿ ಹಾಳೆಯ ಮೇಲೆ ಗುರುತು ಹಾಕಿದಳು. ಮೊದಲನೆಯದಕ್ಕೆ ಗುರು, ಉಳಿದೆರಡಕ್ಕೆ ಲಘು.

ಮಗ ಗ್ರೀಸಿನ ಕೈ ಹಿಂದೆ ಕಟ್ಟಿಕೊಂಡು ಬಾಗಿ ನೋಡಿದ.

"ನಂದು ಎಷ್ಟ ಮಾತ್ರಿ?"

"ನಾಲ್ಕ್ರಿ."

"ಮಜ್ಜಿಗಿಯಷ್ಟs?"

"ಹೌದ್ರಿ. ಅಷ್ಟ."

ಅವನು ಅದನ್ನು ಸ್ವಲ್ಪ ಹೊತ್ತು ವಿಚಾರ ಮಾಡಿದ. "ಅಡ್ಡಿಯಿಲ್ಲ," ಎಂದ. ಹೋಗುತ್ತಾನೆಂದುಕೊಂಡೆ. ಹೋಗದೆ ಹೊಸ್ತಿಲ ಮೇಲೆ ಕೂತ. "ಇನ್ನೊಮ್ಮೆ ಓದು. ಕೇಳೂಣು."

"ನೀವು ಹೋಗ್ರಿ, ನನಗ ನಾಚಿಕಿ ಬರತೈತಿ."

"ನನ್ನ ಆಯುಷ್ಯ ಹೋಗೂದಂತ, ಕುಂತ ನೋಡತೀನಿ."

ಈ ಮಾತಿಗೆ ಸೊಸೆಯ ಕೈ ನಿಂತಿತು. ಅವನಿಗೂ ತಾನು ಆಡಿದ್ದು ಏನೆಂದು ತಿಳಿಯಿತು. ನಾನು ಎದ್ದು ಹೋಗಿ ಅವನ ಮಣಿಕಟ್ಟು ಹಿಡಿದೆ, ಗಡಿಯಾರ ನೋಡುತ್ತ ಒಂದು ನಿಮಿಷ ನಾಡಿ ಎಣಿಸಿದೆ. ಎಪ್ಪತ್ನಾಲ್ಕು. ಕ್ರಮಬದ್ಧ. ಸೊಸೆಗೆ ಹೇಳಿದೆ:

"ಸರಿ ಐತಿ. ಓದು."

ಓದಿದಳು. ಒಮ್ಮೆಯಲ್ಲ, ಇಡೀ ಪದ್ಯ. ಆರು ಸಾಲಿಗೆ ಪ್ರಸ್ತಾರ ಹಾಕಿ, ಗಣ ವಿಂಗಡಿಸಿ, ಛಂದಸ್ಸಿನ ಹೆಸರು ಬರೆದಳು. ನಂತರ ಯಾರು ಯಾರಿಗೆ ಹೇಳಿದರು ಎಂಬ ಪ್ರಶ್ನೆ, ನಂತರ ಸಾರಾಂಶ. 'ಇವರು' ಇದ್ದಲ್ಲೆಲ್ಲ ಹೆಸರು. ಗೌರವಕ್ಕೆಂದು ಪ್ರತಿ ಸಲವೂ 'ಅವರು' ಎಂದು ಸೇರಿಸಿದಳು. ವೀರನಿಗೆ ಬಹುವಚನ ಹೆಚ್ಚಾಯಿತು ಎಂದು ಹೇಳಬೇಕೆಂದಿದ್ದೆ. ಅದಕ್ಕೆ ಅಂಕ ಕಡಿಯುವುದಿಲ್ಲವಾದ್ದರಿಂದ ಬಿಟ್ಟೆ.

ಮಗ ಎಣಿಸುತ್ತಿದ್ದನಂತೆ. "ಹದಿನಾಕ ಸಲ," ಎಂದ ಏಳುತ್ತ. "ಸಾಲ್ಯಾಗ ಹಾಜರಿ ತಗೊಳ್ಳೂಮುಂದ ಸೈತ ಇಷ್ಟ ಸಲ ಕರದಿಲ್ಲ ನನ್ನ." ಗ್ರೀಸಿನ ಗುರುತು ಹೊಸ್ತಿಲ ಮೇಲೆ ಉಳಿಯಿತು. ಸೊಸೆ ತಕ್ಷಣ ಒರೆಸಲಿಲ್ಲ. ಸಾಮಾನ್ಯವಾಗಿ ಒರೆಸುವವಳು.

ಮುಂದಿನದನ್ನು ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಬರಹವನ್ನು ಆ ದಿನದ ಕೆಲಸ ಮುಗಿದಲ್ಲಿಗೆ ನಿಲ್ಲಿಸುವವಳಿದ್ದೇನೆ. ಮರುದಿನ ಪ್ರಸ್ತಾರಕ್ಕೆ ಬಂದದ್ದು ಬೇರೆ ಪದ್ಯದ ಸಾಲು. ಅದರಲ್ಲಿ ಯಾರ ಹೆಸರೂ ಇರಲಿಲ್ಲ. ಈ ಪದ್ಯದಿಂದ ಬಂದದ್ದು ಸಾರಾಂಶ. ಅದರಲ್ಲಿ ಹೆಸರು ಆರು ಸಲ ಬರೆದೆ ಎಂದಳು. ಪಾಸಾದಳು. ಈಗ ಬೆಳಿಗ್ಗೆ ಒಂಬತ್ತೂವರೆಗೆ ಓಣಿಯ ಮಕ್ಕಳನ್ನು ಸಾಲು ಹಿಡಿಸಿಕೊಂಡು ಹೋಗುವ ಸಹಾಯಕಿ ಅವಳೇ. ಗಂಡನನ್ನು ಮನೆಯಲ್ಲಿ ಇಂದಿಗೂ 'ಇವರು' ಎನ್ನುತ್ತಾಳೆ. ನಾನು ತಿದ್ದಲು ಹೋಗಿಲ್ಲ. ಪರೀಕ್ಷೆಗೆ ಬೇಕಾದಷ್ಟು ಕಲಿತಿದ್ದಾಳೆ.

ಆ ರವಿವಾರ ಸಂಜೆ ಆರಕ್ಕೆ ಪುಸ್ತಕ ಮುಚ್ಚಿಸಿದೆ. ಪರೀಕ್ಷೆಯ ಹಿಂದಿನ ಸಂಜೆ ಓದಬಾರದು ಎಂಬುದು ನನ್ನ ನಿಯಮ. ಹಾಲ್ ಟಿಕೆಟ್, ಎರಡು ನೀಲಿ ಪೆನ್ನು, ಪಟ್ಟಿ, ಪೆನ್ಸಿಲ್ ಚೀಲಕ್ಕೆ ಹೋದವು. ಪರೀಕ್ಷಾ ಕೇಂದ್ರವಿದ್ದ ನವಲಗುಂದಕ್ಕೆ ಏಳೂವರೆಯ ಬಸ್ಸು ಎಂದು ನಿಶ್ಚಯವಾಯಿತು. ಮಗ, ಬಸ್ಸು ಬ್ಯಾಡ, ಬೈಕಿನ ಮ್ಯಾಲೆ ಬಿಟ್ಟ ಬರತೀನಿ ಎಂದ. ಅದೂ ನಿಶ್ಚಯವಾಯಿತು. ಊಟ ಏಳಕ್ಕೆ.

ಊಟದ ನಂತರ ಸೊಸೆ ನನ್ನ ಪಕ್ಕ ಬಂದು ನಿಂತಳು. ಒಂದು ಹಾಳೆ, ಪೆನ್ಸಿಲ್.

"ನೀವೂ ಒಂದ ಹಾಕ್ರಿ ಅತ್ತಿ. ಬರದ್ರ ಸಾಕು, ಅನ್ನೂದ ಬ್ಯಾಡ."

ಯಾವುದಕ್ಕೆ ಎಂದು ಕೇಳಲಿಲ್ಲ. ಅವಳೂ ಹೇಳಲಿಲ್ಲ. ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ನಾನು ಕನ್ನಡಕ ಹಾಕಿಕೊಂಡು ನಮ್ಮವರ ಹೆಸರು ಬರೆದೆ. ಗುರು, ಲಘು, ಗುರು, ಲಘು. ಆರು ಮಾತ್ರೆ. ಎರಡು ಸಲ ತಾಳೆ ನೋಡಿದೆ, ಸರಿಯಿತ್ತು. ಕೆಳಗೆ ಸಮಯ ಹಾಕಿದೆ, ಏಳೂ ಐವತ್ತು, ಸಹಿ ಮಾಡಿದೆ.